ಮೊದಲ ಪೆಟ್ಟು ಸೀಸಕ್ಕೆ: ನಾಣ್ಯದ ಅಚ್ಚು ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಅಚ್ಚು ಕೊರೆದು ಮುಗಿದ ದಿನ ಕೈ ಸುಮ್ನೆ ಇರುವುದಿಲ್ಲ. ಬೆಳ್ಳಿ ಬಿಲ್ಲೆ ಪಕ್ಕದಲ್ಲೇ ಇರುತ್ತದೆ, ಸುತ್ತಿಗೆಯೂ ಇರುತ್ತದೆ. ಒಂದು ಪೆಟ್ಟು ಹಾಕಿ ನೋಡೋಣ ಅನ್ನಿಸುತ್ತದೆ. ದಯವಿಟ್ಟು ತಡೆಯಿರಿ. ಮೊದಲ ಪೆಟ್ಟು ಸೀಸಕ್ಕೆ.

ನಮ್ಮ ಮನೆ ಮೈಸೂರಿನ ಅಶೋಕ ರಸ್ತೆಯ ಹಿಂದಿನ ಒಂದು ಓಣಿಯಲ್ಲಿತ್ತು. ಅಪ್ಪ ಅಕ್ಕಸಾಲಿ ಕೆಲಸ ಮಾಡುತ್ತಿದ್ದರು. ತೆಳು ಚಿನ್ನದ ತಗಡನ್ನು ಕಂಚಿನ ಅಚ್ಚಿನ ಮೇಲಿಟ್ಟು, ಅದರ ಮೇಲೆ ಸೀಸದ ತುಂಡಿಟ್ಟು ಹೊಡೆಯುವುದನ್ನು ನೋಡುತ್ತಲೇ ಬೆಳೆದೆ. ಸೀಸ ಮೆತ್ತಗೆ ಇಳಿದು ತಗಡನ್ನು ಅಚ್ಚಿನ ಮೂಲೆಮೂಲೆಗೂ ತಳ್ಳುತ್ತದೆ, ತಗಡು ಹರಿಯುವುದಿಲ್ಲ. ನಾನು ಒಡವೆ ಬಿಟ್ಟು ಪದಕದ ಅಚ್ಚಿನ ಕಡೆ ಬಂದೆ. ಷಷ್ಟ್ಯಬ್ದಿಗೆ ಹಂಚುವ ಬೆಳ್ಳಿ ನಾಣ್ಯ, ಶಾಲೆಯ ಶತಮಾನೋತ್ಸವದ ಪದಕ, ಇಂಥವು. ಹೊಸ ಅಚ್ಚು ತೋರಿಸಲು ಹೋದರೆ ಅಪ್ಪ ಅದನ್ನು ಕೈಗೂ ತೆಗೆದುಕೊಳ್ಳುತ್ತಿರಲಿಲ್ಲ. "ಅದನ್ನ ನೋಡಿದ್ರೆ ಏನೋ ಗೊತ್ತಾಗುತ್ತೆ? ಸೀಸ ತಾ" ಅನ್ನುತ್ತಿದ್ದರು.

ಅವರ ಮಾತಿಗೆ ಕಾರಣ ಇದೆ. ಅಚ್ಚಿನಲ್ಲಿ ಎಲ್ಲವೂ ತಿರುಗುಮುರುಗು. ನಾಣ್ಯದಲ್ಲಿ ಉಬ್ಬಿರಬೇಕಾದದ್ದು ಇಲ್ಲಿ ಹಳ್ಳ. ಎಡಕ್ಕಿರಬೇಕಾದದ್ದು ಬಲಕ್ಕೆ. ಬೆಳಕು ಬೀಳುವ ದಿಕ್ಕು ಬದಲಾದರೆ ಹಳ್ಳವೇ ಉಬ್ಬಿನಂತೆ ಕಾಣುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ನಮ್ಮ ತಲೆಯದು. ಏನು ಕೊರೆಯಬೇಕೆಂದಿದ್ದೆವೋ ಅದನ್ನೇ ಕಣ್ಣು ಓದಿಬಿಡುತ್ತದೆ, ಕೊರೆದದ್ದನ್ನಲ್ಲ. ಪುಸ್ತಕ ಮುದ್ರಿಸುವವರು ಕರಡಚ್ಚು ತೆಗೆದು ತಿದ್ದುತ್ತಾರಲ್ಲ, ಸೀಸದ ಮೇಲೆ ಹೊಡೆದು ನೋಡುವುದೂ ಅದೇ ಕೆಲಸ. ಹಾಗಾಗಿ ನಾನು ಇದನ್ನು ಸೀಸದ ಕರಡು ಎಂದೇ ಕರೆಯುತ್ತೇನೆ.

ಉಪಾಯ ಹಳೆಯದು. ಇಂಗ್ಲೆಂಡಿನ ಯಾರ್ಕ್ ನಗರದ ಕಾಪರ್‌ಗೇಟ್‌ನಲ್ಲಿ ನೆಲ ಅಗೆದಾಗ 10ನೇ ಶತಮಾನದ ಕಬ್ಬಿಣದ ನಾಣ್ಯದಚ್ಚಿನ ಜೊತೆಗೆ, ಅಚ್ಚಿನ ಗುರುತು ಬಿದ್ದ ಸೀಸದ ತುಂಡುಗಳೂ ಸಿಕ್ಕಿದವು. ಅಚ್ಚು ಪರೀಕ್ಷಿಸಿದ ತುಂಡುಗಳು ಎಂದು ಕೆಲವರು, ಸುಂಕ ಕಟ್ಟಿದ್ದಕ್ಕೆ ಕೊಟ್ಟ ಗುರುತು ಎಂದು ಇನ್ನು ಕೆಲವರು ಹೇಳುತ್ತಾರೆ. 19ನೇ ಶತಮಾನದ ಅಮೆರಿಕದ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಇನ್ನೊಂದು ದಾರಿ ಇತ್ತು. ಕಾಗದದ ಮೇಲೆ ಕರಗಿದ ಮೆದು ಲೋಹ ಸುರಿದು, ಅದು ಗಟ್ಟಿಯಾಗುವ ಕ್ಷಣದಲ್ಲಿ ಅಚ್ಚನ್ನು ಒತ್ತುತ್ತಿದ್ದರು. ಅಂಥ ತೆಳು ಬಿಲ್ಲೆಗಳ ಬೆನ್ನಿಗೆ ಇಂದಿಗೂ ಆ ಕಾಗದ ಅಂಟಿಕೊಂಡಿದೆ.

ಸೀಸ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಈ ಭಾಗ ಸರಿಯಾಗಿ ತಿಳಿಯದಿದ್ದರೆ ಮುಂದಿನ ಹಂತಗಳು ಬರೀ ಸುತ್ತಿಗೆ ಕೆಲಸ ಆಗುತ್ತವೆ.

ಸೀಸ ಉಗುರಿಗಿಂತ ಮೆದು. ಉಗುರಿನಿಂದ ಗೀಚಿದರೆ ಗೆರೆ ಬೀಳುತ್ತದೆ. ಹಾಗಾಗಿ ಇನ್ನೂ ಹದ ಮಾಡದ, ಅಂದರೆ ಕಾಯಿಸಿ ತಣಿಸಿ ಗಡುಸು ಮಾಡದ, ಮೆದು ಉಕ್ಕಿನ ಅಚ್ಚಿನಿಂದಲೂ ಸೀಸದ ಮೇಲೆ ಹೊಡೆಯಬಹುದು, ಅಚ್ಚಿಗೆ ಏನೂ ಆಗುವುದಿಲ್ಲ. ಅದೇ ಅಚ್ಚಿನಿಂದ ಬೆಳ್ಳಿ ಅಥವಾ ತಾಮ್ರಕ್ಕೆ ಹೊಡೆದರೆ ಅಂಚುಗಳು ಕುಸಿಯುತ್ತವೆ. ಅಂದರೆ ಅಚ್ಚು ಇನ್ನೂ ತಿದ್ದುವ ಸ್ಥಿತಿಯಲ್ಲಿ ಇರುವಾಗಲೇ ಅದರ ಫಲ ನೋಡಲು ಇರುವ ದಾರಿ ಸೀಸ.

ಇನ್ನೊಂದು ಗುಣವೂ ಇದೆ. ಬೆಳ್ಳಿಗೆ ಪೆಟ್ಟು ಬಿದ್ದಷ್ಟೂ ಅದು ಗಡುಸಾಗುತ್ತದೆ, ಕಾಯಿಸಿ ಮೆದು ಮಾಡಬೇಕು. ಸೀಸ ನಮ್ಮ ಕೋಣೆಯ ಬಿಸಿಯಲ್ಲೇ ತನ್ನಷ್ಟಕ್ಕೆ ಮತ್ತೆ ಮೆದುವಾಗುತ್ತದೆ. ಎಷ್ಟು ಸಲ ಬೇಕಾದರೂ ಹೊಡೆಯಬಹುದು.

ಆದರೆ ಇದೇ ಮೆದುತನ ಮೋಸವನ್ನೂ ಮಾಡುತ್ತದೆ. ಸೀಸದಲ್ಲಿ ಮೂಡದ ಗೆರೆ ಬೆಳ್ಳಿಯಲ್ಲಿ ಎಂದೂ ಮೂಡುವುದಿಲ್ಲ, ಇದು ಖಚಿತ. ಸೀಸದಲ್ಲಿ ಚೆನ್ನಾಗಿ ಮೂಡಿದ ಗೆರೆ ಬೆಳ್ಳಿಯಲ್ಲೂ ಮೂಡುತ್ತದೆ ಎಂಬ ಭರವಸೆ ಮಾತ್ರ ಇಲ್ಲ. ಸೀಸ ಪರೀಕ್ಷಿಸುವುದು ನಿಮ್ಮ ಉಳಿಯ ಕೆಲಸವನ್ನು. ಲೋಹ ಹೇಗೆ ಹರಿಯುತ್ತದೆ, ಅಚ್ಚು ಎಷ್ಟು ಪೆಟ್ಟು ತಾಳುತ್ತದೆ ಅನ್ನುವುದಕ್ಕೆ ಕೊನೆಗೆ ತಾಮ್ರದಲ್ಲೇ ಹೊಡೆದು ನೋಡಬೇಕು.

ಕಾನೂನಿನ ಬಗ್ಗೆಯೂ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಹೇಳುವುದೆಲ್ಲ ನಿಮ್ಮದೇ ವಿನ್ಯಾಸದ ಪದಕಕ್ಕೆ ಮಾತ್ರ. ಚಲಾವಣೆಯ ನಾಣ್ಯದ ಅಚ್ಚು ಮಾಡುವುದು ಅಪರಾಧ, ಪರೀಕ್ಷೆಗೆ ಅಂದರೂ ಅಪರಾಧವೇ. ನಾಣ್ಯ ಹೊಡೆಯುವುದು ಸರ್ಕಾರದ 4 ಟಂಕಸಾಲೆಗಳ ಕೆಲಸ: ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ. ನಮ್ಮ ಮೈಸೂರಿನಲ್ಲಿ ಅಚ್ಚಾಗುವುದು ನೋಟು. ಹಳೆ ಸಂಸ್ಥಾನದ ನಾಣ್ಯದ ನಕಲು ಅಚ್ಚನ್ನೂ ಮಾಡಬೇಡಿ. ಇವತ್ತು ಪ್ರೀತಿಯಿಂದ ಮಾಡಿದ ನಕಲು ನಾಳೆ ಯಾರದೋ ಕೈಯಲ್ಲಿ ಅಸಲಿಯಾಗಿ ಮಾರಾಟವಾಗುತ್ತದೆ.

ಹಂತ 1: ಜಾಗ ಮತ್ತು ಆರೋಗ್ಯ

ಸೀಸ ವಿಷ. ಇಷ್ಟರ ಒಳಗೆ ಇದ್ದರೆ ಪರವಾಗಿಲ್ಲ ಅನ್ನುವ ಅಳತೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮಕ್ಕಳ ಮೆದುಳಿಗೆ ಅದು ಮಾಡುವ ಹಾನಿ ಮತ್ತೆ ಸರಿಹೋಗುವುದಿಲ್ಲ. ಹೆದರಿಸಲು ಹೇಳುತ್ತಿಲ್ಲ. ನಮ್ಮಲ್ಲಿ ಎಷ್ಟೋ ಜನ ಅಕ್ಕಸಾಲಿಗರು ಮನೆಯ ಪಡಸಾಲೆಯಲ್ಲೇ ಕೆಲಸ ಮಾಡುತ್ತಾರೆ, ಮಕ್ಕಳು ಅಲ್ಲೇ ಆಡುತ್ತಿರುತ್ತವೆ. ನಾನೂ ಹಾಗೆಯೇ ಬೆಳೆದವನು, ಅದು ತಪ್ಪು ಎಂದು ಈಗ ಗೊತ್ತು.

ಬೇರೆ ಕೋಣೆ ಇರಲಿ, ಇಲ್ಲದಿದ್ದರೆ ಹೊರಗಿನ ಶೆಡ್ ಆದರೂ ಸಾಕು. ಮೇಜಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಕೈಗೆ ನೈಟ್ರೈಲ್ ಗ್ಲೌಸ್ ಹಾಕಿ. ಕೆಲಸದ ಜಾಗದಲ್ಲಿ ಕಾಫಿ, ಎಲೆಅಡಿಕೆ, ಬೀಡಿ ಯಾವುದೂ ಬೇಡ. ಕೆಲಸ ಮುಗಿದ ಮೇಲೆ ಒಣ ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಬೇರೆ ಇಡಿ. ಕೈಯನ್ನು ಸೋಪು ಹಾಕಿ ಮೊಣಕೈವರೆಗೆ ತೊಳೆಯಿರಿ. ಕೆಲಸದ ಅಂಗಿಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಬೇಡಿ. ಮಕ್ಕಳು, ಗರ್ಭಿಣಿಯರು ಆ ಕೋಣೆಗೆ ಬರುವುದೇ ಬೇಡ.

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ. ಅಡುಗೆ ಮನೆಯ ಗ್ಯಾಸ್ ಒಲೆಯಲ್ಲೇ ಕರಗುತ್ತದೆ, ಅದಕ್ಕೇ ಜನ ಮನೆಯಲ್ಲಿ ಕರಗಿಸಲು ಹೋಗುತ್ತಾರೆ. ಬೇಡ. ಜಾಸ್ತಿ ಕಾದರೆ ಹೊಗೆ ಏಳುತ್ತದೆ, ಮೇಲೆ ಕಟ್ಟುವ ಕಿಟ್ಟ ಪುಡಿಯಾಗಿ ಗಾಳಿಗೆ ಸೇರುತ್ತದೆ. ಒಂದು ಹನಿ ನೀರು ಬಿದ್ದರೂ ಅದು ತಟ್ಟನೆ ಆವಿಯಾಗಿ ಕರಗಿದ ಸೀಸವನ್ನು ಮುಖಕ್ಕೆ ಎರಚುತ್ತದೆ. ಫಿಲಡೆಲ್ಫಿಯಾದವರು ಮಾಡುತ್ತಿದ್ದ ಸುರಿದು ಒತ್ತುವ ಕ್ರಮವನ್ನು ಹೇಳಿದೆನಲ್ಲ, ಅದನ್ನು ತಿಳಿದುಕೊಂಡರೆ ಸಾಕು, ಮಾಡುವುದು ಬೇಡ. ಈ ಮಾರ್ಗದರ್ಶಿಯಲ್ಲಿ ಎಲ್ಲವೂ ತಣ್ಣನೆ ಸೀಸದಲ್ಲೇ.

ಹಂತ 2: ಯಾವ ಸೀಸ

ಶುದ್ಧ ಸೀಸದ ತಗಡು ಬೇಕು, 3 ಮಿ.ಮೀ. ದಪ್ಪದ್ದು. ಎಕ್ಸ್‌ರೇ ಕೋಣೆಯ ಗೋಡೆಗೆ ಹೊದಿಸುವ ತಗಡು ಒಳ್ಳೆಯದು, ಮಾರುವವರಲ್ಲಿ ಕೇಳಿದರೆ ತುಂಡು ಸಿಗುತ್ತದೆ. ಬ್ಯಾಟರಿ ಒಡೆದು ತೆಗೆದ ಸೀಸವನ್ನು ಮುಟ್ಟಲೇಬೇಡಿ, ಅದರಲ್ಲಿ ಆಮ್ಲ ಇರುತ್ತದೆ. ಹಳೆ ಮುದ್ರಣಾಲಯದ ಅಕ್ಷರದ ಮೊಳೆಗಳೂ ಬೇಡ. ಅವು ಸೀಸದಂತೆ ಕಂಡರೂ ಆಂಟಿಮನಿ, ತವರ ಬೆರೆಸಿ ಬೇಕೆಂದೇ ಗಡುಸು ಮಾಡಿದವು. ಮೆದು ಅಚ್ಚಿಗೆ ಅದು ಒಳ್ಳೆಯದಲ್ಲ. ಅದಲ್ಲದೆ ಕನ್ನಡದ ಮೊಳೆಗಳು ಈಗ ಎಷ್ಟು ಉಳಿದಿವೆ ಹೇಳಿ? ಸಿಕ್ಕರೆ ಹಾಗೇ ಕಾಪಾಡಿ.

ಗ್ಲೌಸ್ ಹಾಕಿಕೊಂಡೇ ಬಿದಿರು ಕಡ್ಡಿಯಿಂದ ಗೀಚಿ ನೋಡಿ. ಸುಲಭವಾಗಿ ಗೆರೆ ಬಿದ್ದರೆ ಸರಿ. ಕಾಗದದ ಮೇಲೆ ಎಳೆದರೆ ಬೂದು ಗೆರೆ ಬೀಳಬೇಕು.

ತಗಡಿನ ಮೇಲೆ ಮಂಕು ಪದರ ಇರುತ್ತದೆ. ಉಪ್ಪುಕಾಗದ ಹಾಕಿ ತಿಕ್ಕಬೇಡಿ, ಪುಡಿ ಏಳುತ್ತದೆ. ಚಪ್ಪಟೆ ಬ್ಲೇಡಿನಿಂದ ಎಣ್ಣೆ ಒದ್ದೆಯಲ್ಲೇ ತೆಳ್ಳಗೆ ಹೆರೆದರೆ ಒಳಗಿನ ಹೊಳಪು ಬರುತ್ತದೆ. ಆ ಹೊಳಪು ಒಂದೆರಡು ದಿನ ಮಾತ್ರ. ಹೆರೆದ ದಿನವೇ ಹೊಡೆಯಿರಿ.

ಹಂತ 3: ಸೀಸಕ್ಕೂ ಮೊದಲು

ಕೊರೆಯಲು ಶುರುಮಾಡಿದ ಮೊದಲ ದಿನಗಳಲ್ಲಿ ಸೀಸವೂ ಬೇಕಿಲ್ಲ. ಮಕ್ಕಳ ಆಟದ ಜೇಡಿ ಅಥವಾ ಮೇಣ ಒತ್ತಿ ನೋಡಿದರೆ ಚಿತ್ರದ ಒಟ್ಟು ಆಕಾರ ತಿಳಿಯುತ್ತದೆ. ಅಕ್ಷರಕ್ಕೆ ಬೇರೆ ಬೇರೆ ಠಸ್ಸೆ (ಅಚ್ಚಿನೊಳಗೆ ಅಕ್ಷರ ಹೊಡೆಯುವ ಉಕ್ಕಿನ ಮೊಳೆ) ಕೆತ್ತಿಕೊಂಡಿದ್ದರೆ ಇನ್ನೂ ಸುಲಭ. ಠಸ್ಸೆಯ ಮುಖವನ್ನು ಉರಿಯುವ ಕರ್ಪೂರದ ಮೇಲೆ ಹಿಡಿಯಿರಿ. ಕರ್ಪೂರದ ಮಸಿ ನಯವಾಗಿ, ಕಪ್ಪಗೆ ಹಿಡಿಯುತ್ತದೆ. ಅದನ್ನು ನುಣ್ಣನೆ ಕಾಗದಕ್ಕೆ ಒತ್ತಿದರೆ ಕೂದಲೆಳೆಯಷ್ಟು ತಪ್ಪೂ ಕಾಣುತ್ತದೆ.

ಆದರೆ ಮೇಣ ಆಳವನ್ನು ನಿಜವಾಗಿ ತೋರಿಸುವುದಿಲ್ಲ. ಎಳೆಯುವಾಗ ಹಿಗ್ಗುತ್ತದೆ, ಅಂಚು ಮೊಂಡಾಗುತ್ತದೆ. ಆಳ ನೋಡಬೇಕಾದಾಗ ಸೀಸಕ್ಕೆ ಬನ್ನಿ. ನಾನು ಒಂದು ಅಚ್ಚಿಗೆ ಕನಿಷ್ಠ 4 ಕರಡು ತೆಗೆಯುತ್ತೇನೆ: ಗೆರೆ ಹಾಕಿದ ಮೇಲೆ, ಅರ್ಧ ಆಳದಲ್ಲಿ, ಬರಹ ಮುಗಿದಾಗ, ಕೊನೆಯ ನಯಗೆಲಸದ ನಂತರ. ಯಾಕೆ ಅಷ್ಟು ಬೇಗ ಶುರುಮಾಡಬೇಕು ಅನ್ನುವುದನ್ನು ತಿದ್ದುವ ಹಂತದಲ್ಲಿ ಹೇಳುತ್ತೇನೆ.

ಹಂತ 4: ಒಂದು ಮುಖದ ಪೆಟ್ಟು

ಒಂದು ಲೆಕ್ಕ ಹಿಡಿಯೋಣ. 25 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಷಷ್ಟ್ಯಬ್ದಿ ನಾಣ್ಯ. ಒಂದು ಕಡೆ ಆನೆ, ಇನ್ನೊಂದು ಕಡೆ ಬರಹ.

ಅಚ್ಚನ್ನು ಮೆದು ಬ್ರಷ್‌ನಿಂದ ಸೀಮೆಎಣ್ಣೆ ಹಾಕಿ ತೊಳೆದು ಒಣಗಿಸಿ. ನಂತರ ತೆಳು ಎಣ್ಣೆ ಸವರಿ, ಬಟ್ಟೆಯಿಂದ ಪೂರ್ತಿ ಒರೆಸಿಬಿಡಿ. ಒರೆಸಿದ ಮೇಲೆ ಉಳಿಯುವ ಎಣ್ಣೆಯೇ ಸಾಕು. ಅಕ್ಷರದ ಹಳ್ಳದಲ್ಲಿ ಎಣ್ಣೆ ನಿಂತರೆ ಸೀಸ ಅಲ್ಲಿಗೆ ಇಳಿಯುವುದಿಲ್ಲ, ಯಾಕೆಂದರೆ ಎಣ್ಣೆ ಕುಗ್ಗುವುದಿಲ್ಲ. ಆಗ ಅಕ್ಷರ ಮೊಂಡಾಗಿ ಬರುತ್ತದೆ. ಅದನ್ನು ಕೊರೆತದ ತಪ್ಪು ಎಂದು ತಿಳಿದು ಇನ್ನೂ ಆಳ ಕೊರೆದವರನ್ನು ಕಂಡಿದ್ದೇನೆ.

40 ಮಿ.ಮೀ. ಚೌಕದ ಸೀಸದ ತುಂಡು ಕತ್ತರಿಸಿ. ನಾಣ್ಯಕ್ಕಿಂತ ದೊಡ್ಡದಾಗಿಯೇ ಇರಲಿ. ಅಡಿಗಲ್ಲಿನ (ಪೆಟ್ಟು ತಾಳಲು ಕೆಳಗಿಡುವ ದಿಮ್ಮಿ) ಮೇಲೆ ದಪ್ಪ ರಟ್ಟು, ಅದರ ಮೇಲೆ ಸೀಸ, ಸೀಸದ ಮೇಲೆ ಅಚ್ಚು ಮುಖ ಕೆಳಗೆ ಮಾಡಿ ಇಡಿ. ಅಚ್ಚು ನೆಟ್ಟಗೆ ನಿಲ್ಲಬೇಕು. ಒಂದು ಕಿಲೋ ಸುತ್ತಿಗೆಯಿಂದ ಒಂದೇ ಪೆಟ್ಟು. ಸಾಲದು ಅನ್ನಿಸಿದರೆ ಅದೇ ತುಂಡಿನ ಮೇಲೆ ಇನ್ನೊಂದು ಹೊಡೆಯಬೇಡಿ, ಹೊಸ ತುಂಡು ತೆಗೆದುಕೊಳ್ಳಿ. ಎರಡನೇ ಪೆಟ್ಟಿಗೆ ಅಚ್ಚು ಕೂದಲಷ್ಟು ಜರುಗಿದರೂ ಅಕ್ಷರದ ಪಕ್ಕ ನೆರಳಿನಂಥ ಇನ್ನೊಂದು ಅಕ್ಷರ ಬರುತ್ತದೆ. ಆಗ ಯಾವುದು ಅಚ್ಚಿನ ತಪ್ಪು, ಯಾವುದು ಪೆಟ್ಟಿನ ತಪ್ಪು ಎಂದು ಬಿಡಿಸಲು ಆಗುವುದಿಲ್ಲ. ಫ್ಲೈ ಪ್ರೆಸ್ (ಕೈಯಿಂದ ತಿರುಪು ತಿರುಗಿಸಿ ಒತ್ತುವ ಯಂತ್ರ) ಇದ್ದರೆ ಸುತ್ತಿಗೆಗಿಂತ ಅದೇ ವಾಸಿ, ಒತ್ತಡ ನೇರವಾಗಿ ಇಳಿಯುತ್ತದೆ.

ಸೀಸ ಅಚ್ಚಿನಲ್ಲೇ ಕಚ್ಚಿಕೊಂಡರೆ ಗಾಬರಿ ಬೇಡ, ಅದೂ ಒಂದು ಸುದ್ದಿಯೇ. ಯಾವುದೋ ಹಳ್ಳದ ಗೋಡೆ ಒಳಕ್ಕೆ ವಾಲಿದೆ ಎಂದರ್ಥ, ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಉಕ್ಕಿನ ಮೊನೆಯಿಂದ ಕೆದಕಬೇಡಿ. ಬಿದಿರು ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ, ಎಲ್ಲಿ ಕಚ್ಚಿತ್ತು ಅನ್ನುವುದನ್ನು ಬರೆದಿಟ್ಟುಕೊಳ್ಳಿ.

ಹಂತ 5: ಕರಡು ಓದುವುದು

ಇಲ್ಲಿ ಅವಸರ ಬೇಡ. ಒಂದು ಸಂಜೆಯನ್ನು ಇದಕ್ಕೇ ಕೊಡಿ.

ಬೆಳಕು ಒಂದೇ ಕಡೆಯಿಂದ, ತುಂಬಾ ಓರೆಯಾಗಿ ಬರಲಿ. ಟೇಬಲ್ ಲ್ಯಾಂಪನ್ನು ಮೇಜಿನ ಮಟ್ಟಕ್ಕೆ ಬಗ್ಗಿಸಿದರೆ ಆಯಿತು. ಸೀಸವನ್ನು ಅದರ ಮುಂದೆ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಮೊದಲು ಬರಿಗಣ್ಣು, ಆಮೇಲೆ 10 ಪಟ್ಟಿನ ಮಸೂರ. ಮಸೂರದಿಂದ ಶುರುಮಾಡಿದರೆ ಗೀರು ಕಾಣುತ್ತದೆ, ಆನೆ ಕಾಣುವುದಿಲ್ಲ.

ಮೊದಲ ಓದು ಅಕ್ಷರಗಳದ್ದು. ಒಂದೊಂದೇ ಅಕ್ಷರವನ್ನು ಕೊನೆಯಿಂದ ಹಿಂದಕ್ಕೆ ಓದಿ, ಆಗ ತಲೆ ಪದವನ್ನು ಊಹಿಸುವುದಿಲ್ಲ. ಈ ಪಾಠ ನನಗೆ ದುಬಾರಿಯಾಗಿ ಬಂತು. ಮಂಡ್ಯ ಕಡೆಯ ಒಂದು ದೊಡ್ಡ ಕುಟುಂಬದವರು ಎಲ್ಲರೂ ಸೇರುವ ದಿನಕ್ಕೆ ಪದಕ ಕೇಳಿದ್ದರು, ಮೇಲೆ "ಬಾಂಧವ್ಯ" ಎಂಬ ಒಂದೇ ಪದ. ದಸರಾ ಹತ್ತಿರ ಇತ್ತು, ಕೆಲಸ ರಾಶಿ ಬಿದ್ದಿತ್ತು. ಅಚ್ಚನ್ನು ಮಸೂರದಲ್ಲಿ ಹತ್ತಾರು ಸಲ ನೋಡಿದೆ, ಸೀಸಕ್ಕೆ ಹೊಡೆಯಲಿಲ್ಲ, ನೇರ ಹದಕ್ಕೆ ಕಳಿಸಿದೆ. ಬೆಳ್ಳಿಯಲ್ಲಿ "ಬಾಂದವ್ಯ" ಎಂದು ಬಂತು. ಧ ಅಕ್ಷರದ ಕೆಳಗಿನ ಆ ಚಿಕ್ಕ ಸೀಳನ್ನು ಕೊರೆದೇ ಇರಲಿಲ್ಲ. ಅಚ್ಚಿನ ಹದ ಇಳಿಸಿ, ಸೀಳು ಕೊರೆದು, ಮತ್ತೆ ಹದ ಮಾಡಿಸಿದೆ. ಎರಡನೇ ಹದಕ್ಕೆ ಅಂಚಿನಲ್ಲಿ ಬಿರುಕು ಬಿತ್ತು. 3 ವಾರದ ಕೆಲಸ ಹೋಯಿತು, ಹೊಸದಾಗಿ ಕೊರೆದೆ. ಅವರ ಸಮಾವೇಶ ಪದಕವಿಲ್ಲದೆ ಮುಗಿಯಿತು, ಅದರ ನೋವು ಇನ್ನೂ ಇದೆ.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಕರಡಿನ ಫೋಟೋ ತೆಗೆದು, ಬರಹ ಏನೆಂದು ಗೊತ್ತಿಲ್ಲದವರಿಗೆ ತೋರಿಸಿ, ಗಟ್ಟಿಯಾಗಿ ಓದಿಸುತ್ತೇನೆ. ಅಕ್ಕನ ಮಗಳು 3ನೇ ತರಗತಿ. ಅವಳಷ್ಟು ಚೆನ್ನಾಗಿ ಯಾರೂ ಓದುವುದಿಲ್ಲ, ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದುತ್ತಾಳೆ. ಫೋನಿನಲ್ಲಿ ಫೋಟೋ ಮಾತ್ರ ತೋರಿಸುವುದು, ಸೀಸ ಅವಳ ಕೈಗೆ ಕೊಡುವುದಿಲ್ಲ.

ಕನ್ನಡಕ್ಕೆ ತನ್ನದೇ ಆದ ಕಷ್ಟಗಳಿವೆ. ನಮ್ಮ ಅಕ್ಷರ ದುಂಡು. ರ, ಠ, ಸೊನ್ನೆ, ಇವುಗಳ ಹೊಟ್ಟೆಯಲ್ಲಿ ಖಾಲಿ ಜಾಗ ಇದೆ. ಅಚ್ಚಿನಲ್ಲಿ ಆ ಖಾಲಿ ಜಾಗ ಒಂದು ನಡುಗಡ್ಡೆ. ಶ್ರೀರಂಗಪಟ್ಟಣದ ಸುತ್ತ ಕಾವೇರಿ ಇದ್ದ ಹಾಗೆ, ಸುತ್ತ ಕೊರೆದ ಕಾಲುವೆ, ನಡುವೆ ಉಳಿಸಿದ ಚೂರು ಉಕ್ಕು. ಕೆಲವೊಮ್ಮೆ ಅದು ಅರ್ಧ ಮಿ.ಮೀ. ಕೂಡ ಇರುವುದಿಲ್ಲ. ಉಳಿ ಜಾರಿದರೆ ಹಾರಿಹೋಗುತ್ತದೆ. ಸೀಸದಲ್ಲಿ ಆ ಅಕ್ಷರದ ಕಣ್ಣು ಮುಚ್ಚಿ ಬರುತ್ತದೆ, ಸೊನ್ನೆ ಚುಕ್ಕೆಯಾಗುತ್ತದೆ. ಠ ಇನ್ನೂ ಕಷ್ಟ, ನಡುಗಡ್ಡೆಯ ನಡುವೆ ಮತ್ತೊಂದು ಗುಳಿ ಇರಬೇಕು.

ಎರಡನೇ ಕಷ್ಟ ಒತ್ತಕ್ಷರ. ಷಷ್ಟ್ಯಬ್ದಿ ಎಂಬ ಪದವನ್ನೇ ನೋಡಿ. ಎರಡನೇ ಅಕ್ಷರಕ್ಕೆ ಟ ಒತ್ತು, ಯ ಒತ್ತು ಎರಡೂ ಇವೆ. ಬರಹ ಅಂಚಿನ ಸುತ್ತ ಬಾಗಿ ಹೋಗುವಾಗ ಒತ್ತುಗಳು ನಾಣ್ಯದ ಕಟ್ಟಿಗೆ, ಅಂದರೆ ಅಂಚಿನ ಉಬ್ಬು ಸುತ್ತಿಗೆ, ತಾಗುತ್ತವೆ. ಕಾಗದದ ಮೇಲೆ ಜಾಗ ಇದ್ದಂತೆ ಕಂಡಿರುತ್ತದೆ. ಸೀಸದಲ್ಲಿ ಒತ್ತಿನ ಬಾಲ ಕಟ್ಟಿನೊಳಗೆ ಕರಗಿಹೋಗಿರುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳನ್ನು ನೋಡಿದ್ದೀರಾ? ಆನೆ ಅಥವಾ ಸಿಂಹದ ಚಿತ್ರ, ಚಾಮುಂಡಿಯ ಹೆಸರು, ಕನ್ನಡದಲ್ಲಿ ಮಯಿಲಿ ಕಾಸು, ಜೊತೆಗೆ ಇಂಗ್ಲಿಷಿನಲ್ಲೂ ಬೆಲೆ. ಅಷ್ಟು ಬರಹ ಇದ್ದರೂ ಎಷ್ಟೋ ಕಾಸುಗಳಲ್ಲಿ ಅರ್ಧ ಮಾತ್ರ ಉಳಿದಿರುತ್ತದೆ. ಬಿಲ್ಲೆಗಿಂತ ಅಚ್ಚು ದೊಡ್ಡದಾಗಿತ್ತು, ಪೆಟ್ಟೂ ನಡುವಿಗೆ ಬಿದ್ದಿಲ್ಲ. 40 ಮಿ.ಮೀ. ತುಂಡು ತೆಗೆದುಕೊಳ್ಳಿ ಎಂದು ಹೇಳಿದ್ದು ಇದಕ್ಕೇ. ಅಚ್ಚಿನ ಪೂರ್ತಿ ಮುಖ ಒಮ್ಮೆಯಾದರೂ ಕಾಣಬೇಕು.

ಅಂಕಿಗಳನ್ನು ಬೇರೆಯಾಗಿ ಓದಿ. ೬ ಮತ್ತು ೯ ನೋಡಲು ಹತ್ತಿರ ಹತ್ತಿರ, ತಿರುಗಿಸಿ ಕೊರೆಯುವಾಗ ಕೈ ತಪ್ಪುತ್ತದೆ. ಒಂದು ವಿಷಯ ನೆನಪಿಗೆ ಬಂತು. ಟಿಪ್ಪು ಸುಲ್ತಾನನ ನಾಣ್ಯಗಳಲ್ಲಿ, ಅವನು 1787ರ ಸುಮಾರಿಗೆ ಮೌಲೂದಿ ಶಕೆ ಎಂಬ ತನ್ನದೇ ವರ್ಷಗಣನೆ ಜಾರಿಗೆ ತಂದ ಮೇಲೆ, ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಗೊತ್ತಿಲ್ಲದವರು ಅಚ್ಚು ಕೊರೆದವನು ತಿರುಗಿಸಲು ಮರೆತ ಅಂದುಕೊಳ್ಳುತ್ತಾರೆ. ಅದು ತಪ್ಪಲ್ಲ, ಆಜ್ಞೆಯೇ ಹಾಗಿತ್ತು. ಶ್ರೀರಂಗಪಟ್ಟಣದ ಟಂಕಸಾಲೆಯನ್ನು ಆ ನಾಣ್ಯಗಳು ಪಟನ್ ಎಂದು ಕರೆಯುತ್ತವೆ. ಅಲ್ಲಿನ ಆನೆ ಕಾಸುಗಳನ್ನು ನೋಡಿದಾಗ, ಆ ಆನೆಯ ಕಾಲಿನ ಮಡಿಕೆ ಕೊರೆದ ಕೈ ಯಾವುದೋ ಎಂದು ಪ್ರತಿ ಸಲವೂ ಯೋಚಿಸುತ್ತೇನೆ.

ಆಮೇಲೆ ಆಳ. ಆನೆಯ ಹೊಟ್ಟೆ ಎಲ್ಲಕ್ಕಿಂತ ಎತ್ತರ ಇರಬೇಕು, ಕಿವಿ ಅದಕ್ಕಿಂತ ಸ್ವಲ್ಪ ಕಡಿಮೆ. 2 ಮಿ.ಮೀ. ದಪ್ಪದ ನಾಣ್ಯಕ್ಕೆ ನಾನು 0.3 ಮಿ.ಮೀ.ಗಿಂತ ಜಾಸ್ತಿ ಉಬ್ಬು ಕೊಡುವುದಿಲ್ಲ. ಆನೆಯ ನೆತ್ತಿಯಲ್ಲಿ ಸೀಸ ಹೊಳಪಿಲ್ಲದೆ ಒರಟಾಗಿದ್ದರೆ ಅಚ್ಚಿನ ತಳ ಮುಟ್ಟಿಲ್ಲ ಎಂದರ್ಥ. ಸೀಸವೇ ತಳ ಮುಟ್ಟದ ಹಳ್ಳವನ್ನು ಬೆಳ್ಳಿ ಮುಟ್ಟುವ ಮಾತೇ ಇಲ್ಲ.

ಕೊನೆಗೆ ಬಯಲು, ಅಂದರೆ ಚಿತ್ರ ಬರಹ ಇಲ್ಲದ ಖಾಲಿ ಜಾಗ. ಅಚ್ಚಿನ ಮುಖಕ್ಕೆ ಗೀರು ಬಿದ್ದಿದ್ದರೆ ಸೀಸದಲ್ಲಿ ಅದು ಕೂದಲಿನಂಥ ಉಬ್ಬು ಗೆರೆಯಾಗಿ ಕಾಣುತ್ತದೆ.

ಹಂತ 6: ತಿದ್ದುವುದು

ಅಚ್ಚಿನಲ್ಲಿ ಕೊರೆದಷ್ಟೂ ನಾಣ್ಯದಲ್ಲಿ ಉಬ್ಬು ಜಾಸ್ತಿ. ಹಾಗಾಗಿ ಕರಡಿನಲ್ಲಿ ಏನಾದರೂ ಕಡಿಮೆ ಕಂಡರೆ ಚಿಂತೆ ಇಲ್ಲ, ಇನ್ನಷ್ಟು ಕೊರೆದರೆ ಆಯಿತು. ಜಾಸ್ತಿ ಕಂಡರೆ ಕಷ್ಟ. ಕೊರೆದ ಉಕ್ಕನ್ನು ಮತ್ತೆ ತುಂಬಲು ಬರುವುದಿಲ್ಲ. ಇಡೀ ಮುಖವನ್ನು ಸಾಣೆಕಲ್ಲಿನಲ್ಲಿ ಉಜ್ಜಿ ತಗ್ಗಿಸಿ, ಉಳಿದದ್ದನ್ನೆಲ್ಲ ಮತ್ತೆ ಅಷ್ಟು ಆಳಕ್ಕೆ ಇಳಿಸಬೇಕು. ಅರ್ಧ ಆಳದಲ್ಲೇ ಕರಡು ತೆಗೆಯಿರಿ ಎಂದು ಹೇಳಿದ್ದರ ಕಾರಣ ಇದೇ. ಆಗ ಉಜ್ಜಬೇಕಾಗಿ ಬಂದರೂ ಒಂದು ದಿನದ ಕೆಲಸ, ಪೂರ್ತಿ ಆಳದಲ್ಲಿ ಆದರೆ ಒಂದು ವಾರ.

ಒಂದು ಸಲಕ್ಕೆ ಒಂದೇ ಜಾಗ ತಿದ್ದಿ, ಮತ್ತೆ ಹೊಡೆಯಿರಿ. ಹಳೆಯ ಕರಡನ್ನು ಪಕ್ಕದಲ್ಲಿಟ್ಟು ಹೋಲಿಸಿ. ಪ್ರತಿ ತುಂಡಿನ ಬೆನ್ನಿನ ಮೇಲೂ ಸಂಖ್ಯೆ ಗೀಚಿ. ಬೇರೆ ಪುಸ್ತಕದಲ್ಲಿ ತಾರೀಖು, ಏನು ಕಂಡಿತು, ಏನು ತಿದ್ದಿದೆ ಎಂದು ಬರೆಯಿರಿ. ಸೀಸದ ಬೆಲೆ ಏನೂ ಅಲ್ಲ, ಕರಡುಗಳನ್ನು ಒಟ್ಟಿಗೆ ಕರಗಿಸಿಬಿಡುವ ಆಸೆಗೆ ಬೀಳಬೇಡಿ.

ಹಂತ 7: ಎರಡು ಮುಖ ಒಟ್ಟಿಗೆ

ಎರಡೂ ಅಚ್ಚು ಬೇರೆ ಬೇರೆಯಾಗಿ ಒಪ್ಪಿಗೆಯಾದ ಮೇಲೆ ನಾಣ್ಯದಷ್ಟೇ (2 ಮಿ.ಮೀ.) ದಪ್ಪದ ಸೀಸದ ಬಿಲ್ಲೆ ಕತ್ತರಿಸಿ, ಉಕ್ಕಿನ ಬಳೆಯೊಳಗೆ ಇಟ್ಟು, ಮೇಲೆ ಕೆಳಗೆ ಅಚ್ಚಿಟ್ಟು ಹೊಡೆಯಬೇಕು. ಬಳೆ ಇಲ್ಲದಿದ್ದರೆ ಸೀಸ ದೋಸೆಯಂತೆ ಹರಡುತ್ತದೆ.

ಇಲ್ಲಿ ನೋಡಬೇಕಾದದ್ದು ಎರಡು. ಒಂದು, ನೆತ್ತಿ ನೆತ್ತಿ ಕೂಡಿದೆಯೇ. ಪುಸ್ತಕದ ಹಾಳೆ ತಿರುಗಿಸಿದ ಹಾಗೆ ನಾಣ್ಯ ತಿರುಗಿಸಿದರೆ ಹಿಂದಿನ ಬರಹ ನೆಟ್ಟಗೆ ಇರಬೇಕು. ಸ್ವಲ್ಪ ವಾಲಿದ್ದರೂ ಕಣ್ಣಿಗೆ ಹೊಡೆಯುತ್ತದೆ. ಅಚ್ಚಿನ ಪಕ್ಕದಲ್ಲಿ ಒಂದೊಂದು ಗೀಟು ಹಾಕಿಕೊಂಡರೆ ಪ್ರತಿ ಸಲ ಹೊಂದಿಸುವುದು ಸುಲಭ.

ಎರಡು, ಎದುರುಬದುರು ಹಳ್ಳ. ಆನೆಯ ಹೊಟ್ಟೆಯ ಸರಿಯಾಗಿ ಹಿಂದೆ ಇನ್ನೊಂದು ಮುಖದಲ್ಲೂ ದಪ್ಪ ಚಿತ್ರ ಇದ್ದರೆ ನಡುವಿನ ಲೋಹ ಎರಡೂ ಕಡೆಗೆ ಹರಿಯಬೇಕು. ಸೀಸ ಹೇಗೋ ತುಂಬಿಬಿಡುತ್ತದೆ, ಬೆಳ್ಳಿ ತುಂಬುವುದಿಲ್ಲ. ಕರಡನ್ನು ಬೆಳಕಿಗೆ ಹಿಡಿದು, ಒಂದು ಮುಖದ ಎತ್ತರದ ಹಿಂದೆ ಇನ್ನೊಂದರಲ್ಲಿ ಏನಿದೆ ಎಂದು ಬೆರಳಿಂದ ಹಿಡಿದು ನೋಡಿ. ಅಂಥ ಜಾಗ ಕಂಡರೆ ವಿನ್ಯಾಸವನ್ನೇ ಸ್ವಲ್ಪ ಜರುಗಿಸುವುದು ಒಳ್ಳೆಯದು. ಜಾಸ್ತಿ ಜೋರಾಗಿ ಹೊಡೆದರೆ ಸರಿಹೋಗುತ್ತದೆ ಎಂದುಕೊಂಡರೆ ಅಚ್ಚು ಸೀಳುತ್ತದೆ.

ತೂಕವನ್ನೂ ನೋಡಿಕೊಳ್ಳಿ. ಸೀಸ ಬೆಳ್ಳಿಗಿಂತ ತುಸು ಭಾರ. ಘನ ಸೆಂ.ಮೀ.ಗೆ ಸೀಸ 11.34 ಗ್ರಾಂ, ಬೆಳ್ಳಿ 10.49. ನಮ್ಮ 25 ಮಿ.ಮೀ. ಬಿಲ್ಲೆ ಸೀಸದಲ್ಲಿ 11.1 ಗ್ರಾಂ ತೂಗಿದರೆ ಬೆಳ್ಳಿಯಲ್ಲಿ 10.3 ಬರುತ್ತದೆ. ಗಿರಾಕಿ ಸರಿಯಾಗಿ 10 ಗ್ರಾಂ ಕೇಳಿದ್ದರೆ ಬಿಲ್ಲೆಯ ದಪ್ಪ ಕಡಿಮೆ ಮಾಡಬೇಕೆಂದು ಇಲ್ಲೇ ತಿಳಿಯುತ್ತದೆ, ಬೆಳ್ಳಿ ಕತ್ತರಿಸುವ ಮೊದಲೇ.

ಹಂತ 8: ಹದದ ನಂತರ ಮತ್ತೊಮ್ಮೆ

ಅಚ್ಚನ್ನು ಹದ ಮಾಡಲು ನಾನು ಸ್ವಂತ ಕುಲುಮೆ ಇಟ್ಟುಕೊಂಡಿಲ್ಲ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶದ ಕಡೆ ಹದ ಮಾಡಿಕೊಡುವವರಲ್ಲಿ ಕೊಡುವುದು ಒಳ್ಳೆಯದು. ಯಾವ ದರ್ಜೆಯ ಉಕ್ಕು ಎಂದು ಬರೆದು ಕೊಡಿ, ಅದನ್ನು ಹೇಳದೆ ಕೊಟ್ಟರೆ ಅವರಿಗೂ ಕಷ್ಟ.

ವಾಪಸ್ ಬಂದ ಅಚ್ಚನ್ನು ತೊಳೆದು ಮತ್ತೆ ಸೀಸಕ್ಕೆ ಹೊಡೆಯಿರಿ. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಬೆಂಕಿಯಲ್ಲಿ ಕಟ್ಟಿದ ಕಪ್ಪು ಪೊರೆ ಅಕ್ಷರದೊಳಗೆ ಉಳಿದಿರಬಹುದು. ಮುಖ ಸ್ವಲ್ಪ ಬಾಗಿರಬಹುದು. ಬರಿಗಣ್ಣಿಗೆ ಕಾಣದ ಬಿರುಕು ಸೀಸದಲ್ಲಿ ಸಣ್ಣ ಉಬ್ಬು ಗೆರೆಯಾಗಿ ಮೂಡುತ್ತದೆ. ಹದಕ್ಕೆ ಮೊದಲಿನ ಕೊನೆಯ ಕರಡನ್ನು ಪಕ್ಕಕ್ಕೆ ಇಟ್ಟುಕೊಂಡರೆ ವ್ಯತ್ಯಾಸ ತಕ್ಷಣ ಸಿಗುತ್ತದೆ. ಇದು ಸರಿಯಿದ್ದರೆ ಕಾಯಿಸಿ ಮೆದು ಮಾಡಿದ ತಾಮ್ರದ ಮೇಲೆ ಒಂದು ಪೆಟ್ಟು. ತಾಮ್ರ ಬೆಳ್ಳಿಗಿಂತ ಗಡುಸು, ಅದರಲ್ಲಿ ಮೂಡಿದ್ದು ಬೆಳ್ಳಿಯಲ್ಲಿ ಮೂಡುತ್ತದೆ. ಸೀಸಕ್ಕೆ ಹೊಡೆದ ಅಚ್ಚನ್ನು ಬೆಳ್ಳಿಗೆ ಒಯ್ಯುವ ಮೊದಲು ಪೂರ್ತಿ ತೊಳೆಯಿರಿ. ಸೀಸದ ಚೂರು ಬೆಳ್ಳಿಗೆ ಅಂಟಿ, ಆಮೇಲೆ ಕಾಯಿಸಿದರೆ ಬೆಳ್ಳಿಯನ್ನೇ ತಿಂದು ಗುಳಿ ಮಾಡುತ್ತದೆ.

ಹಂತ 9: ಕರಡುಗಳನ್ನು ಇಡುವುದು

ಮೈಸೂರಿನವರಿಗೆ ಒಳ್ಳೆಯ ವಸ್ತು ಅಂದರೆ ಬೀಟೆ ಮರದ ಪೆಟ್ಟಿಗೆ ನೆನಪಾಗುತ್ತದೆ. ಸೀಸಕ್ಕೆ ಅದು ಬೇಡ. ಮರದಿಂದ, ಪ್ಲೈವುಡ್‌ನಿಂದ, ರಟ್ಟಿನಿಂದ, ಕೆಲವು ಅಂಟುಗಳಿಂದ ವಿನೆಗರಿನಲ್ಲಿರುವಂಥ ಆಮ್ಲದ ಆವಿ ಸ್ವಲ್ಪ ಸ್ವಲ್ಪವೇ ಹೊರಡುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಸೀಸವನ್ನು ಬಿಳಿ ಪುಡಿ ಮಾಡುತ್ತದೆ. ಒಮ್ಮೆ ಶುರುವಾದರೆ ಅಕ್ಷರವೇ ಉದುರಿಹೋಗುತ್ತದೆ, ಆ ಪುಡಿ ಸೀಸಕ್ಕಿಂತ ಅಪಾಯ. ಪಿವಿಸಿ ನಾಣ್ಯದ ಆಲ್ಬಮ್‌ಗಳೂ ಆಗದು. ಗಟ್ಟಿ ಮುಚ್ಚಳದ ಪಾಲಿಪ್ರೊಪಿಲೀನ್ ಡಬ್ಬಿ, ಒಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ, ಒಂದೊಂದು ಕರಡಿಗೆ ಒಂದೊಂದು ಪಾಲಿಥೀನ್ ಚೀಲ. ಡಬ್ಬಿಯ ಮೇಲೆ "ಸೀಸ, ಮುಟ್ಟಬೇಡಿ" ಎಂದು ದಪ್ಪಗೆ ಬರೆಯಿರಿ. ಉಳಿದ ಚೂರುಗಳನ್ನು ಮೋರಿಗೆ, ಕಸಕ್ಕೆ ಹಾಕದೆ, ಸೀಸ ತೆಗೆದುಕೊಳ್ಳಲು ಅನುಮತಿ ಇರುವ ಗುಜರಿಯವರಿಗೇ ಕೊಡಿ.

ಹಳೆಯ ಸೀಸದ ಬಿಲ್ಲೆ ಸಿಕ್ಕರೆ

ಈ ಕೆಲಸ ಮಾಡುವವರಿಗೆ ಜನ ಹಳೆ ಬಿಲ್ಲೆಗಳನ್ನು ತಂದು ತೋರಿಸುತ್ತಾರೆ. ಶ್ರೀರಂಗಪಟ್ಟಣದ ಹೊಲದಲ್ಲಿ ಸಿಕ್ಕಿತು, ಟಂಕಸಾಲೆಯ ಕರಡೇ ಇರಬೇಕು ಅನ್ನುತ್ತಾರೆ. ಅವಸರದಲ್ಲಿ ಹೌದು ಅನ್ನಬೇಡಿ. ನಮ್ಮ ನಾಡಿನಲ್ಲಿ ಸೀಸವೇ ನಾಣ್ಯವಾಗಿತ್ತು. ಸುಮಾರು 2,000 ವರ್ಷಗಳ ಹಿಂದೆ ಸಾತವಾಹನರ ಕಾಲದಲ್ಲಿ, ಅವರ ನಂತರ ಬನವಾಸಿ ಕಡೆಯ ಚುಟು ಅರಸರ ಕಾಲದಲ್ಲಿ ಸೀಸದ ನಾಣ್ಯ ಓಡಾಡುತ್ತಿತ್ತು. ಚಿತ್ರದುರ್ಗದ ಕಡೆ ಸದಕಣ ಮಹಾರಠಿ ಎಂಬ ಅಧಿಪತಿಯ ದಪ್ಪ ಸೀಸದ ನಾಣ್ಯಗಳು ಸಿಕ್ಕಿವೆ, ಒಂದು ಕಡೆ ಗೂಳಿ, ಇನ್ನೊಂದು ಕಡೆ ಕಟಕಟೆಯೊಳಗಿನ ಮರ. ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ.ಎಚ್. ಕೃಷ್ಣ 1929ರಲ್ಲಿ ಅಲ್ಲಿನ ಚಂದ್ರವಳ್ಳಿಯಲ್ಲಿ ಉತ್ಖನನ ಮಾಡಿದ್ದರು.

ಹಾಗಾಗಿ ಮೊದಲು ಕೇಳಬೇಕಾದದ್ದು ಇದು: ಚಿತ್ರ ಒಂದೇ ಮುಖದಲ್ಲಿ ಇದೆಯೇ? ಬಿಲ್ಲೆ ಅಚ್ಚಿಗಿಂತ ದೊಡ್ಡದಾಗಿ, ಆಕಾರವಿಲ್ಲದೆ ಇದೆಯೇ? ಬೆನ್ನು ಚಪ್ಪಟೆಯೇ? ಇವೆಲ್ಲ ಇದ್ದರೆ ಕರಡಿನ ಸಾಧ್ಯತೆ ಇದೆ. ಎರಡೂ ಮುಖ ಇದ್ದು, ಸವೆದು ನುಣುಪಾಗಿದ್ದರೆ ಕೈಯಿಂದ ಕೈಗೆ ಓಡಾಡಿದ ನಾಣ್ಯ. ಅಂಚಿನ ಸುತ್ತ ಎರಕದ ಗೆರೆ, ಮೇಲೆ ಗುಳ್ಳೆಯಂಥ ಸಣ್ಣ ಚುಕ್ಕೆಗಳಿದ್ದರೆ ಯಾರೋ ಎರಕ ಹೊಯ್ದ ನಕಲು, ಪೆಟ್ಟಿನಿಂದ ಆದದ್ದಲ್ಲ.

ಯಾವುದೇ ಆಗಿರಲಿ, ತೊಳೆಯಬೇಡಿ, ಉಜ್ಜಬೇಡಿ, ಹುಣಸೆಹಣ್ಣು ನಿಂಬೆಹಣ್ಣು ಹತ್ತಿರ ತರಬೇಡಿ. ಅಳತೆಪಟ್ಟಿ ಪಕ್ಕದಲ್ಲಿಟ್ಟು ಎರಡೂ ಮುಖದ ಫೋಟೋ, ಗ್ರಾಂ ಲೆಕ್ಕದಲ್ಲಿ ತೂಕ, ಸಿಕ್ಕ ಜಾಗ, ಸಿಕ್ಕ ದಿನ ಬರೆದಿಡಿ. ನೆಲದಲ್ಲಿ ಸಿಕ್ಕಿದ್ದಾದರೆ ಜಿಲ್ಲಾಡಳಿತಕ್ಕೆ ತಿಳಿಸಿ. ರಾಜ್ಯ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ, ಬಿಲ್ಲೆಯನ್ನು ಪಾಲಿಥೀನ್ ಚೀಲದಲ್ಲಿ ಹಾಕಿ ಅಲ್ಲಿಗೆ ತೆಗೆದುಕೊಂಡು ಹೋಗಿ ತೋರಿಸಿ.